ಬೇಡುವವರಿಗೆ ದಂಡ ಹಾಕಿದರೆ ರಸ್ತೆ ಖಾಲಿಯಾಗುತ್ತಾ?

ಓದುಗರ ಪ್ರಶ್ನೆ: ಅಮೆರಿಕದ ನಗರಗಳಲ್ಲೂ ಸಿಗ್ನಲ್ ಹತ್ತಿರ ರಟ್ಟಿನ ಬೋರ್ಡ್ ಹಿಡಿದು ದುಡ್ಡು ಕೇಳುವವರು ಇದ್ದಾರೆ. ನಗರಾಡಳಿತ ಅದನ್ನು ನಿಷೇಧಿಸಿ, ದಂಡ ಹಾಕಿ ನಿಲ್ಲಿಸಬಹುದಲ್ವಾ?

ಉತ್ತರ: ಬಹಳ ನಗರಗಳು ಅದನ್ನೇ ಮಾಡಿ ನೋಡಿವೆ. ಮೊದಲು ಅಡ್ಡ ಬಂದಿದ್ದು ಕೋರ್ಟು.

ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಮಾತಿನ ಸ್ವಾತಂತ್ರ್ಯವನ್ನು ಕಾಯುತ್ತದೆ. ಸಹಾಯ ಕೇಳುವುದೂ ಮಾತೇ. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಒಂದು ನಿಯಮವಿತ್ತು. ಊರಿನ ಹಳೇ ಪೇಟೆ ಭಾಗದಲ್ಲಿ ‘ಈಗಲೇ ದುಡ್ಡು ಕೊಡಿ’ ಅಂತ ಬಾಯಿಬಿಟ್ಟು ಕೇಳುವಂತಿಲ್ಲ. ಬೋರ್ಡ್ ಹಿಡಿದು ಸುಮ್ನೆ ನಿಂತರೆ ಅಡ್ಡಿಯಿಲ್ಲ, ‘ಆಮೇಲೆ ಕಳಿಸಿಕೊಡಿ’ ಅಂದರೂ ಅಡ್ಡಿಯಿಲ್ಲ. ಮೇಲ್ಮನವಿ ಕೋರ್ಟು 2014ರಲ್ಲಿ ಇದನ್ನು ಒಪ್ಪಿತ್ತು. 2015ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಅರಿಜೋನಾದ ಗಿಲ್ಬರ್ಟ್ ಪಟ್ಟಣದ ಕೇಸಿನಲ್ಲಿ ತೀರ್ಪು ಕೊಟ್ಟಿತು. ಆ ಕೇಸು ಚರ್ಚೊಂದರ ಬೋರ್ಡುಗಳದ್ದು, ಭಿಕ್ಷೆಯ ವಿಷಯವೇ ಅಲ್ಲ. ಆದರೆ ಏನು ಹೇಳಲಾಗಿದೆ ಅನ್ನುವುದನ್ನು ನೋಡಿ ಹೇರುವ ನಿಯಮವನ್ನು ತುಂಬ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಯಿತು. ಆಗಸ್ಟ್‌ನಲ್ಲಿ ಅದೇ ಮೇಲ್ಮನವಿ ಕೋರ್ಟು ತನ್ನ ನಿಲುವು ಬದಲಿಸಿ ಸ್ಪ್ರಿಂಗ್‌ಫೀಲ್ಡ್ ನಿಯಮ ಸರಿಯಲ್ಲ ಎಂದಿತು. ಆಮೇಲೆ ಇಂಥ ಎಷ್ಟೋ ನಿಯಮಗಳು ಬಿದ್ದುಹೋದವು.

ಹಾಗಂತ ಪೊಲೀಸರ ಕೈ ಕಟ್ಟಿಲ್ಲ. ಹೆದರಿಸಿದರೆ, ಮೈಮೇಲೆ ಕೈ ಹಾಕಿದರೆ ಅದು ಅಪರಾಧವೇ. ಅಲ್ಲಿ ಕಾನೂನು ಬಿಗಿಯಾಗಿರಲೇಬೇಕು.

ಆದರೆ ಕೋರ್ಟು ಒಪ್ಪಿದರೂ ದಂಡದಿಂದ ಕೆಲಸ ಆಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಚಿಲ್ಲರೆ ಕೇಳುವವರ ಹತ್ತಿರ ದಂಡ ಕಟ್ಟಲು ದುಡ್ಡು ಎಲ್ಲಿಂದ ಬರಬೇಕು? ಕೋರ್ಟಿನಿಂದ ನೋಟಿಸ್ ಬರಬೇಕೆಂದರೆ ವಿಳಾಸ ಬೇಕು, ಅದೂ ಇಲ್ಲ. ವಿಚಾರಣೆಯ ದಿನ ತಪ್ಪಿದರೆ ವಾರಂಟ್. ವಾರಂಟ್ ಇದ್ದರೆ ಬಂಧನ. ಒಳಗೆ ಹೋಗಿ ಬರುವಷ್ಟರಲ್ಲಿ ಚೀಲ ಹೋಗಿರುತ್ತದೆ, ಅದರಲ್ಲಿದ್ದ ಗುರುತಿನ ಚೀಟಿಯೂ ಹೋಗಿರುತ್ತದೆ. ಗುರುತಿನ ಚೀಟಿ ಇಲ್ಲದೆ ಕೆಲಸವೂ ಸಿಗುವುದಿಲ್ಲ, ಬಾಡಿಗೆ ಮನೆಯೂ ಸಿಗುವುದಿಲ್ಲ. ಹೊರಬಂದ ಮೇಲೆ ಆತ ಮತ್ತೆ ಅದೇ ಸಿಗ್ನಲ್‌ಗೆ ಹೋಗದೆ ಏನು ಮಾಡಬೇಕು? ಇಷ್ಟೆಲ್ಲ ಆಗುವಾಗ ಪೊಲೀಸರು, ಕೋರ್ಟು, ಜೈಲು ಎಲ್ಲದಕ್ಕೂ ಖರ್ಚು ಮಾಡಿದ್ದು ಜನರ ತೆರಿಗೆ ಹಣವನ್ನೇ.

ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ನಗರ 2015ರಲ್ಲಿ ಬೇರೆ ದಾರಿ ಹಿಡಿಯಿತು. ಆಗ ರಿಚರ್ಡ್ ಬೆರಿ ಮೇಯರ್. ರಸ್ತೆಬದಿಯಲ್ಲಿ ಒಬ್ಬಾತ ಕೆಲಸ ಬೇಕು ಅಂತ ಬರೆದ ಬೋರ್ಡ್ ಹಿಡಿದು ನಿಂತಿದ್ದನ್ನು ಅವರು ನೋಡಿದ್ದರು. ಕೆಲಸ ಕೇಳುತ್ತಿದ್ದಾನೆ, ಕೊಡೋಣ ಅಂದುಕೊಂಡರು. ಒಂದು ವ್ಯಾನ್ ಬೀದಿ ಸುತ್ತಿ, ಬರಲು ಒಪ್ಪಿದ ಹತ್ತು ಹನ್ನೆರಡು ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಕಳೆ ಕೀಳುವುದು, ಕಸ ಹೆಕ್ಕುವುದು ಕೆಲಸ. ಗಂಟೆಗೆ 9 ಡಾಲರ್ ಕೂಲಿ, ಮಧ್ಯಾಹ್ನ ಊಟ. ಸಂಜೆ ಅವರನ್ನು ಬಂದ ಜಾಗದಲ್ಲೇ ಇಳಿಸಿ ಕೈತೊಳೆದುಕೊಳ್ಳಲಿಲ್ಲ. ಇರಲು ಜಾಗ, ಬೇರೆ ನೆರವು ಬೇಕಿದ್ದವರನ್ನು ಅದನ್ನು ಕೊಡುವ ಸಂಸ್ಥೆಗೆ ಮುಟ್ಟಿಸುತ್ತಿದ್ದರು. ನನಗೆ ಈ ಯೋಜನೆಯಲ್ಲಿ ಕೂಲಿಗಿಂತ ಮುಖ್ಯ ಅನಿಸಿದ್ದು ಈ ಸಂಜೆಯ ಭಾಗ. ಒಂದು ದಿನದ ಕೂಲಿಯಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ. ಆದರೆ ನಗರದ ಕಡೆಯ ಒಬ್ಬರ ಜೊತೆ ದಿನವಿಡೀ ಇದ್ದ ಮೇಲೆ, ‘ನನ್ನ ಕಾಗದಪತ್ರ ಕಳೆದಿದೆ, ಮಾಡಿಸಿಕೊಡ್ತೀರಾ?’ ಅಂತ ಕೇಳುವ ಧೈರ್ಯ ಬರುತ್ತದೆ.

ಎಲ್ಲರೂ ವ್ಯಾನ್ ಹತ್ತುವುದಿಲ್ಲ, ನಿಜ. ಕೆಲವರಿಗೆ ಮೈಯಲ್ಲಿ ಶಕ್ತಿ ಇರುವುದಿಲ್ಲ, ಕೆಲವರು ಕುಡಿತ ಬಿಟ್ಟಿರುವುದಿಲ್ಲ, ಕೆಲವರಿಗೆ ಯಾರ ಮೇಲೂ ನಂಬಿಕೆ ಉಳಿದಿರುವುದಿಲ್ಲ. ಮನೆಯಿಲ್ಲದವರು ರಾತ್ರಿ ಮಲಗಲು ಇರುವ ತಂಗುದಾಣಕ್ಕೆ ಕರೆದರೂ ಬರದವರಿಗೆ ಎಷ್ಟೋ ಸಲ ಗಟ್ಟಿ ಕಾರಣವಿರುತ್ತದೆ. ಹಲವು ತಂಗುದಾಣಗಳು ನಾಯಿಯನ್ನು ಒಳಗೆ ಬಿಡುವುದಿಲ್ಲ, ಗಂಡ ಹೆಂಡತಿಯನ್ನು ಬೇರೆ ಬೇರೆ ಇರಿಸುತ್ತವೆ. ಇಂಥವರ ಹತ್ತಿರ ಒಂದು ಸಲ ಹೋಗಿ ಚೀಟಿ ಕೊಟ್ಟು ಬಂದರೆ ಪ್ರಯೋಜನವಿಲ್ಲ. ಅದೇ ಕಾರ್ಯಕರ್ತರು ಮತ್ತೆ ಮತ್ತೆ ಹೋಗಬೇಕು, ಹೆಸರು ಹಿಡಿದು ಮಾತಾಡಿಸಬೇಕು. ಅವರು ಒಪ್ಪಿದ ದಿನ ಕೊಡಲು ಒಂದು ಕೋಣೆ ನಿಜಕ್ಕೂ ಖಾಲಿ ಇರಬೇಕು. ನಗರಗಳು ಜಾಸ್ತಿ ದುಡ್ಡು ಹಾಕಬೇಕಾಗಿರುವುದು ಅಲ್ಲಿ.