ತಾಮ್ರದ ಉಂಗುರದ ಶ್ರುತಿ

ಎಂಟೆಕ್ ವಿದ್ಯಾರ್ಥಿನಿಯೊಬ್ಬಳು ಸಪ್ಪೆ ಮುಖ ಹಾಕಿಕೊಂಡು ಲ್ಯಾಬಿಗೆ ಬಂದಳು. ಕೈಯಲ್ಲಿ ಹಸಿರು ಪಿಸಿಬಿ, ಅಂದರೆ ಸರ್ಕ್ಯೂಟ್ ಬೋರ್ಡು. ಅವಳ ಪ್ರಾಜೆಕ್ಟು ಮೆಟಾಮೆಟೀರಿಯಲ್. ಅದರ ಮೇಲೆ ತಾಮ್ರದ ಹದಿನಾರು ಪುಟ್ಟ ಉಂಗುರ, ಪ್ರತಿಯೊಂದಕ್ಕೂ ಒಂದು ಸೀಳು. "ಸರ್, ಸಿಮ್ಯುಲೇಶನ್‌ನಲ್ಲಿ 2.45 ಗಿಗಾಹರ್ಟ್ಸ್‌ಗೆ ಸರಿಯಾಗಿ ಕೂತಿತ್ತು. ಇಲ್ಲಿ ನೋಡಿದ್ರೆ 2.38 ತೋರಿಸ್ತಿದೆ."

ಸಿಮ್ಯುಲೇಶನ್‌ನಲ್ಲಿ ಬೋರ್ಡಿನ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರದ ಶಕ್ತಿಯನ್ನು ಹಿಡಿದಿಡುವ ಗುಣ) 4.3 ಎಂದು ಹಾಕಿದ್ದಳು. ಅಗ್ಗದ ಎಫ್‌ಆರ್4 (ಗಾಜಿನ ನಾರು ಮತ್ತು ಎಪಾಕ್ಸಿ) ಬೋರ್ಡು 4.6 ಇದ್ದರೂ ಆಶ್ಚರ್ಯವಿಲ್ಲ. ಅಷ್ಟಕ್ಕೇ ಶ್ರುತಿ, ಅಂದರೆ ಉಂಗುರ ಅನುರಣಿಸುವ ಫ್ರೀಕ್ವೆನ್ಸಿ, ಇಳಿದುಬಿಡುತ್ತದೆ. ನಾನು ಬೆರಳನ್ನು ಮುಟ್ಟಿಸದೆ ಸೀಳಿನ ಹತ್ತಿರ ಹಿಡಿದೆ. ಅಳೆಯುವ ಯಂತ್ರವಾದ ಅನಲೈಸರ್ ಪರದೆಯ ಮೇಲೆ ಶ್ರುತಿಯನ್ನು ತೋರಿಸುವ ತಗ್ಗು ಇನ್ನಷ್ಟು ಎಡಕ್ಕೆ, ಅಂದರೆ ಕೆಳಗಿನ ಫ್ರೀಕ್ವೆನ್ಸಿಗೆ, ಜಾರಿತು.

ಮೆಟಾಮೆಟೀರಿಯಲ್ ಅಂದರೆ ಇಷ್ಟೇ. ಉಂಗುರ ಇಂಡಕ್ಟರ್, ಸೀಳು ಕೆಪಾಸಿಟರ್, ಎರಡೂ ಸೇರಿ ಒಂದು ಫ್ರೀಕ್ವೆನ್ಸಿಗೆ ಅನುರಣಿಸುತ್ತವೆ. 2.45 ಗಿಗಾಹರ್ಟ್ಸ್‌ನ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ, ಉಂಗುರ ಒಂದು ಸೆಂಟಿಮೀಟರೂ ಇಲ್ಲ. ಹಾಗಾಗಿ ಅಲೆಗೆ ಉಂಗುರಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ, ಒಂದೇ ವಸ್ತುವಿನಂತೆ ಕಾಣುತ್ತವೆ. ತಾಮ್ರ ಅದೇ ತಾಮ್ರ. ಗುಣ ಬರುವುದು ಆಕಾರದಿಂದ.

ಇದು ಹೊಸ ಮಾತೇನಲ್ಲ. 1898ರಲ್ಲೇ ಜಗದೀಶ ಚಂದ್ರ ಬೋಸ್ ಸೆಣಬನ್ನು ಹುರಿ ಮಾಡಿ ರೇಡಿಯೊ ಅಲೆಗೆ ಅಡ್ಡ ಹಿಡಿದಿದ್ದರು. ಬಲಕ್ಕೆ ಹೊಸೆದರೆ ಅಲೆಯ ಧ್ರುವೀಕರಣ (ಅದು ಕಂಪಿಸುವ ದಿಕ್ಕು) ಒಂದು ಕಡೆಗೆ ತಿರುಗಿತು, ಎಡಕ್ಕೆ ಹೊಸೆದರೆ ಇನ್ನೊಂದು ಕಡೆಗೆ. ಸೆಣಬು ಎರಡರಲ್ಲೂ ಒಂದೇ ಅಲ್ವಾ? ಬೆಳಕನ್ನು ಉಲ್ಟಾ ಬಾಗಿಸುವ ವಸ್ತು ಇದ್ದರೆ ಏನಾಗುತ್ತದೆ ಎಂದು ರಷ್ಯಾದ ಭೌತವಿಜ್ಞಾನಿ ವೆಸೆಲಾಗೊ 1967ರಲ್ಲಿ ಲೆಕ್ಕ ಹಾಕಿದರು. 2001ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಸಂಶೋಧಕರು ಸೀಳುಂಗುರ ಮತ್ತು ತಂತಿ ಜೋಡಿಸಿ ಮೈಕ್ರೊವೇವನ್ನು ಹಾಗೆ ಬಾಗಿಸಿಯೇ ತೋರಿಸಿದರು. 2006ರ 'ಮಾಯವಾಗುವ ಹೊದಿಕೆ' ಪತ್ರಿಕೆಗಳಲ್ಲಿ ಭಾರೀ ಸುದ್ದಿಯಾಯಿತು. ಅದು ಮರೆಮಾಡಿದ್ದು ಒಂದು ಪುಟ್ಟ ತಾಮ್ರದ ಸಿಲಿಂಡರನ್ನು, ಅದೂ ಮೈಕ್ರೊವೇವಿನ ಒಂದೇ ಫ್ರೀಕ್ವೆನ್ಸಿಯಲ್ಲಿ. ಕಣ್ಣಿಗಲ್ಲ!

ನನಗೆ ಜಾಸ್ತಿ ಆಸೆ ಇರುವುದು ಎಂಆರ್‌ಐ ಮೇಲೆ. ಮಂಡಿ ಸ್ಕ್ಯಾನ್‌ಗೆ ತೊಡಿಸುವ ಆ ಪ್ಲಾಸ್ಟಿಕ್ ಪಂಜರ ನೋಡಿದ್ದೀರಾ? ಅದೊಂದು ಆಂಟೆನಾ. 1.5 ಟೆಸ್ಲಾ ಯಂತ್ರದಲ್ಲಿ ದೇಹದ ಹೈಡ್ರೋಜನ್ ಸುಮಾರು 64 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ, ತೀರಾ ಸಣ್ಣ ದನಿಯಲ್ಲಿ. ಅದೇ ಶ್ರುತಿಗೆ ಕೂರಿಸಿದ ತಂತಿಗಳ ಹಾಸನ್ನು, ಅದೂ ಒಂದು ಮೆಟಾಮೆಟೀರಿಯಲ್ಲೇ, ಮಂಡಿಯ ಪಕ್ಕಕ್ಕೆ ಇಟ್ಟರೆ ಅಲ್ಲಿನ ಕಾಂತಕ್ಷೇತ್ರ ಒಟ್ಟುಗೂಡುತ್ತದೆ, ಚಿತ್ರ ಸ್ಪಷ್ಟವಾಗುತ್ತದೆ, ಇಲ್ಲವೇ ಸ್ಕ್ಯಾನ್ ಬೇಗ ಮುಗಿಯುತ್ತದೆ.

ತೊಂದರೆ ಎರಡು. ಯಂತ್ರ ಮೊದಲು ರೇಡಿಯೊ ಅಲೆಯಲ್ಲಿ ಜೋರಾಗಿ ಕೂಗಿ, ಆಮೇಲೆ ಕಿವಿಗೊಡುತ್ತದೆ. ಕೂಗುವಾಗಲೂ ಹಾಸು ಅನುರಣಿಸಿದರೆ ಮಾಂಸ ಬಿಸಿಯಾಗುತ್ತದೆ. ಅದಕ್ಕೇ ಜೋರು ದನಿ ಬಿದ್ದಾಗ ಹಾಸಿನ ಶ್ರುತಿ ತಾನಾಗಿ ಕೆಡುವಂತೆ ಡಯೋಡ್ ಸೇರಿಸುತ್ತಾರೆ. ಎರಡನೆಯದು ನನ್ನ ಬೆರಳಿನ ಕಥೆಯೇ. ದಪ್ಪ ಕಾಲು, ಸಣ್ಣ ಕಾಲು, ಒಂದೊಂದೂ ಶ್ರುತಿಯನ್ನು ಒಂದೊಂದು ಕಡೆ ಎಳೆಯುತ್ತದೆ. ಪ್ರಬಂಧಗಳಲ್ಲಿ ಕಾಲಿನ ಬದಲು ಉಪ್ಪುನೀರಿನ ಡಬ್ಬಿ ಇಟ್ಟು ತೆಗೆದ ಚಿತ್ರ ಚಂದ ಇರುತ್ತದೆ. ಡಬ್ಬಿ ಅಲ್ಲಾಡುವುದಿಲ್ಲ, ಉಸಿರೂ ಆಡುವುದಿಲ್ಲ.

ಹುಡುಗಿ ಹೊಸ ಬೋರ್ಡಿಗೆ ಕಾಯಲಿಲ್ಲ. ಬ್ಲೇಡ್ ತಗೊಂಡು ಒಂದೊಂದೇ ಸೀಳನ್ನು ಕೂದಲೆಳೆಯಷ್ಟು ಅಗಲ ಮಾಡಿದಳು. ಸಂಜೆಗೆ 2.44. ಪಕ್ಕದಲ್ಲೇ ಇನ್ನೊಂದು ಪುಟ್ಟ ತಗ್ಗು ಎದ್ದಿತ್ತು. ಒಂದು ಉಂಗುರವನ್ನು ಜಾಸ್ತಿ ಕೆರೆದುಬಿಟ್ಟಿದ್ದಳು. ಯಾವುದು ಅಂತ ಲೆನ್ಸ್ ಹಿಡಿದು ಹುಡುಕುತ್ತಾ ಕೂತೆವು.