ಶೋವಾ ಮಂಗಾ ಇತಿಹಾಸ ಓದುವವರಿಗೆ: ಸೇನೆಯು ಮಂತ್ರಿಮಂಡಲಗಳನ್ನು ಉರುಳಿಸಿದ ಬಗೆ

ಮಿಜುಕಿ ಶಿಗೆರು ಅವರು ರಚಿಸಿದ ಶೋವಾ ಯುಗದ (ಎಂದರೆ ಜಪಾನಿನ ಚಕ್ರವರ್ತಿ ಹಿರೋಹಿಟೊ ಆಳ್ವಿಕೆಯ ಕಾಲದ) ಮಂಗಾ, ಅಂದರೆ ಜಪಾನೀ ಚಿತ್ರಕಥೆಯ ರೂಪದ, ಇತಿಹಾಸವನ್ನು ಕೊಡಾನ್ಶಾ ಸಂಸ್ಥೆಯು 1988–89ರಲ್ಲಿ ಎಂಟು ಸಂಪುಟಗಳಲ್ಲಿ ಪ್ರಕಟಿಸಿತು. ಯುದ್ಧಪೂರ್ವದ ಮತ್ತು ಯುದ್ಧಕಾಲದ ಭಾಗಗಳನ್ನು ಓದುವವರಿಗಾಗಿ ಮಾತ್ರ ಈ ಟಿಪ್ಪಣಿ. ಕೃತಿಯಲ್ಲಿ ಎರಡು ಕಥೆಗಳು ಜೊತೆಯಾಗಿ ಸಾಗುತ್ತವೆ: ಒಂದು ದೇಶದ್ದು, ಇನ್ನೊಂದು 1922ರಲ್ಲಿ ಹುಟ್ಟಿ ಸಕಾಯಿಮಿನಾತೊ ಎಂಬ ಬಂದರು ಊರಿನಲ್ಲಿ ಬೆಳೆದು ಕೊನೆಗೆ ಸೈನಿಕನಾದ ಲೇಖಕರದ್ದು. ದೇಶದ ಕಥೆಯನ್ನು ನಿರೂಪಿಸುವವನು ಮಿಜುಕಿಯವರದೇ ಭೂತಪ್ರೇತಗಳ ಸರಣಿಯಿಂದ ಬಂದ ನೆಜುಮಿ ಒಟೊಕೊ ಎಂಬ ಇಲಿಮೋರೆಯ ಧೂರ್ತ.

ಮೊದಲು ಇಸವಿಗಳ ವಿಷಯ. ಜಪಾನೀ ಬರಹಗಳಲ್ಲಿ ‘ಶೋವಾ 6’, ‘ಶೋವಾ 11’ ಎಂದು ಬಂದಾಗ ಆ ಅಂಕಿಗೆ 25 ಕೂಡಿಸಿದರೆ ಇಪ್ಪತ್ತನೆಯ ಶತಮಾನದ ಇಸವಿಯ ಕೊನೆಯ ಎರಡು ಅಂಕಿಗಳು ಸಿಗುತ್ತವೆ. ಶೋವಾ 6 ಎಂದರೆ 1931, ಅಂದರೆ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದ ಮೇಲಿನ ದಾಳಿ. ಶೋವಾ 11 ಎಂದರೆ 1936, ಅಂದರೆ ಟೋಕಿಯೊದಲ್ಲಿ ಸೇನಾಧಿಕಾರಿಗಳು ಎಬ್ಬಿಸಿದ ಫೆಬ್ರವರಿ ದಂಗೆ. ಶೋವಾ 12 ಚೀನಾ ಯುದ್ಧ, ಶೋವಾ 16 ಪರ್ಲ್ ಹಾರ್ಬರ್, ಶೋವಾ 20 ಶರಣಾಗತಿ. ಯುದ್ಧಾನಂತರದ ಸಂಪುಟಗಳಿಗೂ ಇದೇ ಲೆಕ್ಕ ಸಾಕು. ಟೋಕಿಯೊ ಒಲಿಂಪಿಕ್ಸ್ ನಡೆದದ್ದು ಶೋವಾ 39ರಲ್ಲಿ, ಎಂದರೆ 1964ರಲ್ಲಿ. ಹಿರೋಹಿಟೊ ಅವರ ತಂದೆ ತೈಶೋ ಚಕ್ರವರ್ತಿ 1926ರ ಡಿಸೆಂಬರ್ 25ರಂದು ತೀರಿಕೊಂಡದ್ದರಿಂದ ಶೋವಾದ ಮೊದಲ ‘ವರ್ಷ’ಕ್ಕೆ ಏಳೇ ದಿನಗಳು, ಹಿರೋಹಿಟೊ 1989ರ ಜನವರಿ 7ರಂದು ತೀರಿಕೊಂಡದ್ದರಿಂದ ಅರವತ್ತನಾಲ್ಕನೆಯ ‘ವರ್ಷ’ಕ್ಕೂ ಏಳೇ ದಿನಗಳು. ಅರವತ್ತನಾಲ್ಕು ಎಂದು ಎಣಿಸಲ್ಪಡುವ ಯುಗದ ನಿಜವಾದ ಅವಧಿ ಅರವತ್ತೆರಡು ವರ್ಷ ಮತ್ತು ಎರಡು ವಾರ. ಪರೀಕ್ಷೆಗೆ ಇದು ಬೇಕಾಗಲಾರದು, ಆದರೆ ಒಮ್ಮೆ ತಿಳಿದ ಮೇಲೆ ಮರೆಯುವುದೂ ಕಷ್ಟ.

ಇನ್ನು ನನ್ನನ್ನು ಬಹಳ ಕಾಡಿದ ಘಟ್ಟ. ಮೊದಲ ಸಂಪುಟಗಳಲ್ಲಿ ಪ್ರಧಾನಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ. ದೂರದ ಮಂಚೂರಿಯಾದಲ್ಲಿರುವ ಸೇನೆಯೊಂದು ತನಗೆ ತೋಚಿದಂತೆ ಯುದ್ಧ ಆರಂಭಿಸುತ್ತದೆ. ಟೋಕಿಯೊದ ಸರ್ಕಾರ ಆಕ್ಷೇಪಿಸಿ ಕೊನೆಗೆ ಒಪ್ಪುತ್ತದೆ. ಸರ್ಕಾರವೊಂದು ತನ್ನದೇ ಸೇನೆಯನ್ನು ತಡೆಯಲಾರದೆ ಹೋದದ್ದು ಹೇಗೆ? ಅಧಿಕಾರಿಗಳ ದುರಹಂಕಾರ ಎಂಬ ಉತ್ತರ ಅರ್ಧ ಮಾತ್ರ ಸರಿ. ಉಳಿದರ್ಧ ಜಪಾನಿನಲ್ಲಿ ಆಗ ಜಾರಿಯಲ್ಲಿದ್ದ 1889ರ ಮೇಜಿ ಸಂವಿಧಾನದಲ್ಲಿದೆ.

ಆ ಸಂವಿಧಾನದ 11ನೆಯ ವಿಧಿಯ ಪ್ರಕಾರ ಭೂಸೇನೆ ಮತ್ತು ನೌಕಾಪಡೆಗಳ ಸರ್ವೋಚ್ಚ ಅಧಿಕಾರ ಚಕ್ರವರ್ತಿಯದು. ಇಂದಿನ ಭಾರತದಲ್ಲಿಯೂ ರಾಷ್ಟ್ರಪತಿಗಳೇ ಸೇನೆಗಳ ಸರ್ವೋಚ್ಚ ದಂಡನಾಯಕರಲ್ಲವೇ ಎಂದು ನಾವು ಮುಂದೆ ಸಾಗಿಬಿಡುತ್ತೇವೆ. ವ್ಯತ್ಯಾಸವಿರುವುದು ಮುಂದಿನ ಮೆಟ್ಟಿಲಿನಲ್ಲಿ. ನಮ್ಮಲ್ಲಿ ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು; ಜಪಾನಿನಲ್ಲಿ ಯುದ್ಧಕಾರ್ಯಾಚರಣೆಯ ವಿಷಯದಲ್ಲಿ ಸೇನಾ ಮುಖ್ಯಸ್ಥರು ಮಂತ್ರಿಮಂಡಲವನ್ನು ದಾಟಿ ನೇರವಾಗಿ ಚಕ್ರವರ್ತಿಗೆ ವರದಿ ಮಾಡಬಹುದಿತ್ತು. ಹೀಗೆ ಸೇನೆಯು ಪ್ರಧಾನಮಂತ್ರಿಯ ಕೈಕೆಳಗಿರದೆ ಅವರ ಪಕ್ಕದಲ್ಲಿ ನಿಂತಿತ್ತು. 1930ರಲ್ಲಿ ಪ್ರಧಾನಮಂತ್ರಿ ಹಮಾಗುಚಿ ಅವರ ಸರ್ಕಾರವು ಯುದ್ಧಹಡಗುಗಳ ಮೇಲೆ ಮಿತಿ ಹೇರುವ ಲಂಡನ್ ಒಪ್ಪಂದಕ್ಕೆ ಸಹಿ ಹಾಕಿದಾಗ, ಇದು ಚಕ್ರವರ್ತಿಯ ಸೇನಾಧಿಕಾರದ ಅತಿಕ್ರಮಣವೆಂದು ವಿರೋಧಿಗಳು ಕೂಗೆಬ್ಬಿಸಿದ್ದು ಇದೇ ವಿಧಿಯನ್ನು ಹಿಡಿದು. ಆ ನವೆಂಬರಿನಲ್ಲಿ ಟೋಕಿಯೊ ನಿಲ್ದಾಣದಲ್ಲಿ ಗುಂಡೇಟು ತಿಂದ ಹಮಾಗುಚಿ ಮರುವರ್ಷ ಆಗಸ್ಟಿನಲ್ಲಿ ತೀರಿಕೊಂಡರು.

1931ರ ಸೆಪ್ಟೆಂಬರ್ 18ರ ರಾತ್ರಿ ಮಂಚೂರಿಯಾದ ಮುಕ್ಡೆನ್ ನಗರದ ಬಳಿ ನಡೆದ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಮಂಚೂರಿಯಾದಲ್ಲಿದ್ದ ಜಪಾನೀ ಪಡೆಯಾದ ಕ್ವಾಂಟುಂಗ್ ಸೇನೆಯ ಅಧಿಕಾರಿಗಳು ತಮ್ಮದೇ ರೈಲುಹಳಿಯ ಬಳಿ ಸಿಡಿಮದ್ದು ಸ್ಫೋಟಿಸಿ ತಪ್ಪನ್ನು ಚೀನೀಯರ ತಲೆಗೆ ಕಟ್ಟಿದರು. ಹಾನಿ ಎಷ್ಟು ಅಲ್ಪವಾಗಿತ್ತೆಂದರೆ ತುಸು ಹೊತ್ತಿನಲ್ಲಿ ಅದೇ ಹಳಿಯ ಮೇಲೆ ರೈಲು ಹಾದುಹೋಯಿತು. ಇದನ್ನು ಯೋಜಿಸಿದವರಲ್ಲಿ ಮುಖ್ಯರು ಇಶಿವಾರ ಕಾಂಜಿ ಮತ್ತು ಇತಾಗಾಕಿ ಸೆಯಿಶಿರೊ. ಘರ್ಷಣೆಯನ್ನು ವಿಸ್ತರಿಸಬಾರದೆಂದು ಆಗಿನ ಪ್ರಧಾನಮಂತ್ರಿ ವಾಕಾತ್ಸುಕಿ ಅವರ ಸರ್ಕಾರ ನಿರ್ಧರಿಸಿದ್ದರೂ, ಮೂರು ದಿನಗಳ ನಂತರ ಕೊರಿಯಾದಲ್ಲಿದ್ದ ಜಪಾನೀ ಪಡೆಯ ದಂಡನಾಯಕ ಹಯಾಶಿ ಸೆಂಜುರೊ ಚಕ್ರವರ್ತಿಯ ಅಪ್ಪಣೆಗೂ ಕಾಯದೆ ಸೈನ್ಯವನ್ನು ಗಡಿ ದಾಟಿಸಿದರು. ಮಂತ್ರಿಮಂಡಲ ಆಮೇಲೆ ಅದರ ಖರ್ಚಿಗೆ ಒಪ್ಪಿಗೆ ಕೊಟ್ಟಿತು. ಖರ್ಚಿಗೆ ಒಪ್ಪಿದ ಕೂಡಲೇ ಕೃತ್ಯಕ್ಕೂ ಒಪ್ಪಿದಂತಾಯಿತು. ಅಪ್ಪಣೆಯಿಲ್ಲದೆ ನಡೆಯುವುದು ಸೇನಾನಿಯಮದಲ್ಲಿ ಘೋರ ಅಪರಾಧವಾಗಿದ್ದರೂ ಹಯಾಶಿ ಶಿಕ್ಷೆಗೊಳಗಾಗಲಿಲ್ಲ. 1937ರಲ್ಲಿ ಅವರು ಪ್ರಧಾನಮಂತ್ರಿಯೇ ಆದರು.

ಇಲ್ಲಿಯವರೆಗಿನದು ಸೇನೆಗಿದ್ದ ಸ್ವಾತಂತ್ರ್ಯದ ಮಾತು. ಮಂತ್ರಿಮಂಡಲವನ್ನು ಉರುಳಿಸುವ ಶಕ್ತಿ ಬೇರೊಂದು ನಿಯಮದಿಂದ ಬಂತು. ಈ ಎರಡನ್ನೂ ಕಲಸಿಬಿಟ್ಟರೆ ಮುಂದಿನ ಪುಟಗಳು ಅರ್ಥವಾಗುವುದಿಲ್ಲ. ಭೂಸೇನೆ ಮತ್ತು ನೌಕಾಪಡೆಯ ಸಚಿವರು ಸೇವೆಯಲ್ಲಿರುವ ಜನರಲ್ ಅಥವಾ ಅಡ್ಮಿರಲ್ ದರ್ಜೆಯವರೇ ಆಗಿರಬೇಕೆಂಬ ನಿಯಮ 1900ರಲ್ಲಿ ಬಂದು, 1913ರಲ್ಲಿ ಸಡಿಲಗೊಂಡು, ಫೆಬ್ರವರಿ ದಂಗೆಯ ಬಳಿಕ 1936ರ ಮೇ ತಿಂಗಳಿನಲ್ಲಿ ಮತ್ತೆ ಬಿಗಿಯಾಯಿತು. ಸೇವೆಯಲ್ಲಿರುವ ಅಧಿಕಾರಿ ಸೇನೆಯ ಮಾತನ್ನು ಮೀರಲಾರ. ಸೇನೆ ಯಾರ ಹೆಸರನ್ನೂ ಸೂಚಿಸದಿದ್ದರೆ ಸಚಿವರಿಲ್ಲ; ಆ ಸಚಿವರಿಲ್ಲದೆ ಮಂತ್ರಿಮಂಡಲವಿಲ್ಲ. ಇದರ ಜೊತೆಗೆ, ಸಚಿವರನ್ನು ವಜಾ ಮಾಡುವ ಅಧಿಕಾರವೂ ಪ್ರಧಾನಮಂತ್ರಿಗೆ ಇರಲಿಲ್ಲ.

ಎರಡು ಉದಾಹರಣೆಗಳನ್ನು ನೆನಪಿಟ್ಟುಕೊಳ್ಳಿ. 1937ರ ಜನವರಿಯಲ್ಲಿ ಸರ್ಕಾರ ರಚಿಸುವಂತೆ ಚಕ್ರವರ್ತಿಯೇ ಉಗಾಕಿ ಕಾಜುಶಿಗೆ ಅವರಿಗೆ ಹೇಳಿದ್ದರು. ಆದರೆ ಸೇನಾ ಸಚಿವರಾಗಿದ್ದಾಗ 1925ರಲ್ಲಿ ನಾಲ್ಕು ಡಿವಿಜನ್‌ಗಳನ್ನು ರದ್ದುಪಡಿಸಿದ್ದ ಅವರ ಮೇಲೆ ಸಿಟ್ಟಿದ್ದ ಸೇನೆ ಸಚಿವರನ್ನು ಕೊಡಲಿಲ್ಲ, ಉಗಾಕಿ ಕೈಚೆಲ್ಲಿದರು. 1940ರ ಜುಲೈನಲ್ಲಿ ಜರ್ಮನಿಯೊಂದಿಗೆ ಮೈತ್ರಿಗೆ ಒಲವಿಲ್ಲದ ಯೊನಾಯಿ ಅವರ ಸರ್ಕಾರದಿಂದ ಸೇನಾ ಸಚಿವ ಹಾತಾ ರಾಜೀನಾಮೆ ಕೊಟ್ಟರು, ಬದಲಿ ಹೆಸರು ಬರಲಿಲ್ಲ, ಸರ್ಕಾರ ಬಿತ್ತು. ಸೆಪ್ಟೆಂಬರಿನಲ್ಲಿ ಜರ್ಮನಿ ಮತ್ತು ಇಟಲಿಯೊಂದಿಗಿನ ತ್ರಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿತ್ತು. ಇಲ್ಲಿ ಒಂದು ಗುಂಡೂ ಹಾರಲಿಲ್ಲ ಎಂಬುದನ್ನು ಗಮನಿಸಬೇಕು. 1936ರಲ್ಲಿ ದಂಗೆಯೆದ್ದ ಅಧಿಕಾರಿಗಳು ಹಣಕಾಸು ಸಚಿವ ತಾಕಾಹಾಶಿ ಅವರನ್ನು ಕೊಂದೂ ಸಾಧಿಸಲಾಗದ್ದನ್ನು, ಆ ದಂಗೆಕೋರರನ್ನು ಹತ್ತಿಕ್ಕಿದ ಹಿರಿಯ ಸೇನಾಧಿಕಾರಿಗಳು ಒಂದು ರಾಜೀನಾಮೆ ಪತ್ರದಿಂದ ಸಾಧಿಸಿದರು.

ಚಿತ್ರಶೈಲಿಯ ಬಗ್ಗೆ ಚಿಕ್ಕದಾಗಿ: ದೇಶದ ಕಥೆಯ ದೃಶ್ಯಗಳು ಛಾಯಾಚಿತ್ರಗಳಂತೆ ದಟ್ಟ ಗೆರೆ-ಚುಕ್ಕೆಗಳಲ್ಲಿವೆ, ಶಿಗೆರು ಮತ್ತು ಅವನ ಸುತ್ತಲಿನವರು ವ್ಯಂಗ್ಯಚಿತ್ರದ ಸರಳ ಗೆರೆಗಳಲ್ಲಿದ್ದಾರೆ. ಸೇನೆಯಲ್ಲಿ ಕಹಳೆ ಊದಲು ಬಾರದೆ ಅವನು ವರ್ಗಾವಣೆ ಕೇಳುತ್ತಾನೆ. ಉತ್ತರವೋ ದಕ್ಷಿಣವೋ ಎಂಬ ಪ್ರಶ್ನೆಗೆ ದಕ್ಷಿಣವೆಂದು ಉತ್ತರಿಸಿ ನ್ಯೂ ಬ್ರಿಟನ್ ದ್ವೀಪದ ರಬೌಲ್‌ಗೆ ಹೋಗಿ ಬೀಳುತ್ತಾನೆ. ಅಲ್ಲಿನ ಬೈಯೆನ್ ಎಂಬಲ್ಲಿ ತನ್ನ ತುಕಡಿಯಲ್ಲಿ ತಾನೊಬ್ಬನೇ ಉಳಿದು, ಸಮುದ್ರ ಮತ್ತು ಕಾಡನ್ನು ದಾಟಿ ಹಿಂದಿರುಗಿದವನಿಗೆ, ಎಲ್ಲರೂ ಸತ್ತಿರುವಾಗ ನೀನೇಕೆ ಓಡಿಬಂದೆ ಎಂದು ಮೇಲಧಿಕಾರಿಯಿಂದ ಛೀಮಾರಿ ಸಿಗುತ್ತದೆ. ಮುಂದೆ ಮಲೇರಿಯಾದಿಂದ ಮಲಗಿದ್ದಾಗ ವಿಮಾನದಾಳಿಯಲ್ಲಿ ಎಡಗೈ ಹೋಗುತ್ತದೆ. ದೇಶದ ಕಥೆಗಿಂತ ಈ ಪುಟಗಳೇ ಕೃತಿಯ ಜೀವ ಎಂಬುದು ನನ್ನ ಅಭಿಪ್ರಾಯ. ಅವಕ್ಕೆ ಟಿಪ್ಪಣಿಯ ಅಗತ್ಯವಿಲ್ಲ.

ಮತ್ತೆ ದೇಶದ ಕಥೆಗೆ ಬಂದರೆ, ಜನರಲ್ ತೋಜೊ ಅಧಿಕಾರಕ್ಕೆ ಬಂದ ಮೇಲೆ ಎಲ್ಲವೂ ಒಂದೇ ಕೈಗೆ ಸೇರಿತೆಂದು ತಿಳಿಯಬಾರದು. 1941ರ ಅಕ್ಟೋಬರಿನಿಂದ ಅವರು ಪ್ರಧಾನಮಂತ್ರಿಯೂ ಸೇನಾ ಸಚಿವರೂ ಆಗಿದ್ದರೂ, ಭೂಸೇನೆಯ ಕಾರ್ಯಾಚರಣೆ ಅವರ ವ್ಯಾಪ್ತಿಗೆ ಬಂದದ್ದು 1944ರ ಫೆಬ್ರವರಿಯಲ್ಲಿ ಸೇನಾ ಮುಖ್ಯಸ್ಥರ ಹುದ್ದೆಯನ್ನೂ ತಾವೇ ವಹಿಸಿಕೊಂಡಾಗ. ನೌಕಾಪಡೆಯ ಕಾರ್ಯಾಚರಣೆ ಆಗಲೂ ಬೇರೆಯೇ ಆಗಿತ್ತು. ಸೈಪಾನ್ ದ್ವೀಪ ಕೈತಪ್ಪಿದ ಮೇಲೆ, ಆ ಜುಲೈನಲ್ಲಿ, ಅವರು ಅಧಿಕಾರದಿಂದ ಇಳಿದರು.