ಹುಳ ಒಗ್ಗಿಕೊಂಡಿದ್ದಲ್ಲ: ‘ವಿಕಾಸ’ ಎಂಬ ಪದದ ಬಗ್ಗೆ

ಕಳೆದ ವಾರ ಎಚ್.ಡಿ. ಕೋಟೆಯ ಒಂದು ಗೊಬ್ಬರದಂಗಡಿ ಮುಂದೆ ಫ್ಲೆಕ್ಸ್ ಕಂಡೆ. ‘ಔಷಧಿಗೆ ಒಗ್ಗಿಕೊಂಡು ವಿಕಾಸಗೊಂಡ ಹುಳಕ್ಕೆ ಹೊಸ ಪರಿಹಾರ’ ಅಂತ ದಪ್ಪಕ್ಷರದಲ್ಲಿತ್ತು. ಇದೇ ಮಾತನ್ನು ಮಂಡ್ಯದ ಗದ್ದೆ ಬದುವಿನ ಮೇಲೆ ಕೇಳಿದ್ದೇನೆ. ಮೈಸೂರಿನಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನದ ಚಾರ್ಟಿನಲ್ಲೂ ಓದಿದ್ದೇನೆ. ಇನ್ನು ಸುಮ್ನಿರೋಕೆ ಆಗಲ್ಲ ಅನ್ನಿಸಿತು.

ಆ ಒಂದು ಸಾಲಿನಲ್ಲಿ ಎರಡು ತಪ್ಪಿದೆ. ಮೊದಲನೆಯದು ವಿಕಾಸದ್ದು.

ಸಂಸ್ಕೃತದ ‘ಕಸ್’ ಧಾತುವಿಗೆ ‘ವಿ’ ಸೇರಿ ವಿಕಾಸ, ವಿಕಸನ, ವಿಕಸಿತ. ಅರ್ಥ ಅರಳುವುದು, ಬಿರಿಯುವುದು. ದೇವರಾಜ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಕೊಂಡ ಮಲ್ಲಿಗೆ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿರಿದು ಮನೆಯೆಲ್ಲ ಘಮ್ಮೆನ್ನುತ್ತದೆ. ಪದದ ಮೂಲ ಅರ್ಥದಲ್ಲಿ ಅದೇ ವಿಕಾಸ. ಎಸಳೆಲ್ಲ ಮೊಗ್ಗಿನೊಳಗೇ ಮಡಚಿಕೊಂಡಿತ್ತು, ಈಗ ಬಿಚ್ಚಿಕೊಂಡಿತು. ಹಾಗಾಗಿ ವ್ಯಕ್ತಿತ್ವ ವಿಕಸನ ಶಿಬಿರದ ಮೇಲೆ ನನಗೆ ತಕರಾರಿಲ್ಲ. ವಿಕಾಸಸೌಧದ ಮೇಲೂ ಇಲ್ಲ.

ತೊಂದರೆ ಬರುವುದು ಜೀವವಿಕಾಸ ಅಂದಾಗ. ಅಲ್ಲಿ ಮೊಗ್ಗೇ ಇಲ್ಲ. ಮುಂದೆ ಇಂಥದ್ದೇ ಆಗಬೇಕು ಅಂತ ಒಳಗೆ ಯಾವುದೂ ಮಡಚಿಟ್ಟಿಲ್ಲ. ಇಂಗ್ಲಿಷಿನ ಎವಲ್ಯೂಷನ್ನಿಗೂ ಇದೇ ಪಾಡು. ಲ್ಯಾಟಿನ್ ಮೂಲದಲ್ಲಿ ಅದು ಸುರುಳಿ ಬಿಚ್ಚುವುದು. ಡಾರ್ವಿನ್ 1859ರಲ್ಲಿ ತನ್ನ ಪುಸ್ತಕ ತಂದಾಗ ಮೊದಲ ಮುದ್ರಣದಲ್ಲಿ ಎವಲ್ಯೂಷನ್ ಅನ್ನುವ ಪದ ಇರಲೇ ಇಲ್ಲ. ಅದರ ಕ್ರಿಯಾಪದ ಮಾತ್ರ ಪುಸ್ತಕದ ಕಟ್ಟಕಡೆಯ ಪದವಾಗಿ ಬರುತ್ತದೆ. ಆತ ಬಳಸುತ್ತಿದ್ದ ಮಾತನ್ನು ನಮ್ಮಲ್ಲಿ ಹೇಳುವುದಾದರೆ, ಮಾರ್ಪಾಡಾಗುತ್ತಾ ಇಳಿದು ಬರುವುದು. ‘ಇಳಿದು ಬರುವುದು’ ಎಷ್ಟು ಚೆಂದದ ಕನ್ನಡ ನೋಡಿ. ಅಜ್ಜಿಯ ಓಲೆ ಇಳಿದು ಬರುತ್ತದೆ, ಅಜ್ಜಿಯ ಮೂಗೂ ಇಳಿದು ಬರುತ್ತದೆ. ಪಠ್ಯಪುಸ್ತಕಗಳು ಇದನ್ನು ಹಿಡಿದುಕೊಂಡಿದ್ದರೆ ಅರ್ಧ ಗೊಂದಲ ಇರುತ್ತಿರಲಿಲ್ಲ.

ಅರಳುವ ಅರ್ಥ ಅಂಟಿಕೊಂಡಿರುವುದರಿಂದ ವಿಕಾಸ ಅಂದರೆ ಸುಧಾರಣೆ ಅಂದುಕೊಳ್ಳುತ್ತೇವೆ. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಲ್ಲಿ ಕಾಣುವ ಸಿಕಲ್ ಸೆಲ್ ರಕ್ತಹೀನತೆಯನ್ನೇ ತಗೊಳ್ಳಿ. ಅದರ ಜೀನು ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಬಂದರೆ ಮಲೇರಿಯಾ ಪ್ರಾಣ ತೆಗೆಯುವುದು ಕಮ್ಮಿ. ಇಬ್ಬರಿಂದಲೂ ಬಂದರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಮಗು ನೋವಿನಲ್ಲಿ ನರಳುತ್ತದೆ. ಮಲೇರಿಯಾ ಇರುವಲ್ಲಿ ಆ ಜೀನು ತಲೆಮಾರುಗಟ್ಟಲೆ ಉಳಿದುಕೊಂಡಿತು. ಇದೂ ಜೀವವಿಕಾಸವೇ. ಸುಧಾರಣೆ ಅಂತ ಆ ತಾಯಿಗೆ ಹೇಳೋಕಾಗುತ್ತಾ?

ಇನ್ನು ಒಗ್ಗಿಕೊಳ್ಳುವುದು. ಹೊಸದಾಗಿ ಬಂದ ಸೊಸೆಗೆ ಈ ಊರಿನ ನೀರು ಒಗ್ಗುತ್ತದೆ. ಮುದ್ದೆ ನುಂಗಿ ಗೊತ್ತಿಲ್ಲದವರಿಗೂ ತಿಂಗಳೊಳಗೆ ಮುದ್ದೆ ಒಗ್ಗುತ್ತದೆ. ಒಂದು ಜೀವ ತನ್ನ ಆಯುಸ್ಸಿನಲ್ಲಿ ಮಾಡಿಕೊಳ್ಳುವ ಹೊಂದಾಣಿಕೆ ಅದು. ಮಕ್ಕಳಿಗೆ ಇಳಿಯುವುದಿಲ್ಲ. ಅವರ ಮಗನೂ ಮುದ್ದೆ ನುಂಗುವುದನ್ನು ಮೊದಲಿನಿಂದಲೇ ಕಲಿಯಬೇಕು.

ಹತ್ತಿಯ ಗುಲಾಬಿ ಕಾಯಿಕೊರಕದ ಕತೆಯೇ ಬೇರೆ. ಹುಳ ಕೊಲ್ಲುವ ಬ್ಯಾಕ್ಟೀರಿಯಾದ ಜೀನು ಸೇರಿಸಿದ ಬಿಟಿ ಹತ್ತಿಗೆ ಭಾರತದಲ್ಲಿ ಅನುಮತಿ ಸಿಕ್ಕಿದ್ದು 2002ರಲ್ಲಿ. ಗಿಡದೊಳಗೇ ವಿಷ, ಕಾಯಿ ಕೊರೆದ ಹುಳ ಸಾಯುತ್ತಿತ್ತು. ಯಾವ ಹುಳವೂ ದಿನಾ ಚೂರು ಚೂರು ತಿಂದು ಅಭ್ಯಾಸ ಮಾಡಿಕೊಳ್ಳಲಿಲ್ಲ. ಎಲ್ಲೋ ಒಂದೊಂದಕ್ಕೆ ಹುಟ್ಟಿನಿಂದಲೇ ಆ ವಿಷ ನಾಟದಂಥ ಜೀನು ಇತ್ತು. ಉಳಿದವು ಸತ್ತವು, ಇವು ಮೊಟ್ಟೆಯಿಟ್ಟವು. ಮುಂದಿನ ಬೆಳೆಗೆ ಅಂಥವು ಜಾಸ್ತಿ, ಅದರಾಚೆಯದಕ್ಕೆ ಇನ್ನೂ ಜಾಸ್ತಿ. 2010ರಲ್ಲಿ, ಗುಜರಾತಿನಲ್ಲಿ ಮೊದಲ ಬಿಟಿ ತಳಿ ಈ ಹುಳಕ್ಕೆ ಸೋತಿದೆ ಅಂತ ಬೀಜದ ಕಂಪನಿಯೇ ಒಪ್ಪಿಕೊಂಡಿತು.

ಒಂದು ಗುಂಪಿನಲ್ಲಿ ಯಾವ ಜೀನು ಎಷ್ಟು ಪಾಲು ಇದೆ ಅನ್ನುವುದು ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದು ಜೀವವಿಕಾಸ. ತಳಿವಿಜ್ಞಾನಿ ಡೊಬ್‌ಜಾನ್‌ಸ್ಕಿ 1937ರಲ್ಲೇ ಹೆಚ್ಚುಕಮ್ಮಿ ಹೀಗೆ ಹೇಳಿದ್ದ. ಅದಕ್ಕೆ ವಿಷವೋ ರೋಗವೋ ಇರಲೇಬೇಕು ಅಂತಲೂ ಇಲ್ಲ. ಮಳವಳ್ಳಿ ಕಡೆ ಒಂದೂರಿನ ಬಂಡೂರು ಕುರಿಗಳಿಗೆ ಎರಡೇ ಟಗರು ಇವೆ ಅನ್ನಿ. ಒಂದು ಸಿಡಿಲಿಗೆ ಸತ್ತರೆ, ಮುಂದೆ ಹುಟ್ಟುವ ಮರಿಗಳಲ್ಲಿ ಅದರ ಪಾಲು ಇಲ್ಲ. ಆ ಟಗರಿನಲ್ಲಿ ಕೊರತೆ ಏನೂ ಇರಲಿಲ್ಲ, ಗ್ರಹಚಾರ ಅಷ್ಟೇ.

ಇದು ಇಡೀ ಗುಂಪಿನ ಮಾತು ಅಂತ ತಿಳಿಯದಿದ್ದರೆ ಬಿಟಿ ಬೀಜದ ಜೊತೆ ಬರುತ್ತಿದ್ದ ಸಣ್ಣ ಪೊಟ್ಟಣವೂ ಅರ್ಥವಾಗುವುದಿಲ್ಲ. 450 ಗ್ರಾಂ ಬಿಟಿ ಬೀಜಕ್ಕೆ 120 ಗ್ರಾಂ ಸಾದಾ ಬೀಜ. ಹೊಲದ ಸುತ್ತ ಹಾಕಬೇಕಿತ್ತು. ಅಲ್ಲಿ ಬದುಕಿದ ಮಾಮೂಲಿ ಪತಂಗ, ವಿಷ ತಡೆದ ಪತಂಗದ ಜೊತೆ ಕೂಡಿದರೆ ಮರಿಗಳಲ್ಲಿ ಹೆಚ್ಚಿನವು ಮತ್ತೆ ಬಿಟಿ ಗಿಡಕ್ಕೆ ಸಾಯುತ್ತವೆ ಅನ್ನುವುದು ಲೆಕ್ಕ. ನಮ್ಮ ಭಾವನ ಮನೆಯ ಅಟ್ಟದಲ್ಲಿ ಬಿಚ್ಚದ ಪೊಟ್ಟಣಗಳು ಧೂಳು ಹಿಡಿದು ಕೂತಿವೆ. ಯಾಕೆ ಹಾಕಲಿಲ್ಲ ಭಾವ ಅಂದೆ. ‘ಹುಳಕ್ಕೆ ಅಂತ ಬೇರೆ ಬೆಳೆ ಹಾಕ್ತಾರೇನೋ?’ ಅಂದರು. ಹದಿನೈದು ನಿಮಿಷ ಕೂತು ವಿವರಿಸಿದೆ. ಎಲ್ಲ ಕೇಳಿಸಿಕೊಂಡು, ‘ಇದನ್ನ ಬೀಜ ಕೊಡೋವಾಗ್ಲೇ ಹೇಳ್ಬೇಕಿತ್ತು ಅಲ್ವಾ’ ಅಂದರು.